ಹಳೆಯ ಕಂಠ, ಹೊಸ ಶ್ರುತಿ

ಪಾಪ್ ಸಂಗೀತವೆಂಬುದು ಯೌವನದ ಸೊತ್ತು ಎಂದು ಲೋಕ ಬಹುಕಾಲದಿಂದ ನಂಬಿಕೊಂಡು ಬಂದಿದೆ. ಇಪ್ಪತ್ತರವರು ಹಾಡಬೇಕು, ಹದಿನೈದರವರು ಕುಣಿಯಬೇಕು, ಐವತ್ತು ದಾಟಿದವರು ತಮ್ಮ ಕಾಲದ ಹಾಡುಗಳನ್ನು ನೆನೆದು ನಿಟ್ಟುಸಿರುಬಿಡಬೇಕು. ಇದು ಆ ಪ್ರಪಂಚದ ಅಲಿಖಿತ ನಿಯಮ. ಶಾಸ್ತ್ರೀಯ ಸಂಗೀತದಲ್ಲಿ ವಯಸ್ಸು ಗಾಯಕನ ಬಂಡವಾಳ. ಪಾಪ್ ಸಂಗೀತದಲ್ಲಿ ಅದು ದಿನೇ ದಿನೇ ಬಡ್ಡಿ ಬೆಳೆಯುವ ಸಾಲ. ಹೀಗಾಗಿ ಅಲ್ಲಿಯ ಹಿರಿಯ ಗಾಯಕನಿಗೆ ಸಾಮಾನ್ಯವಾಗಿ ಎರಡೇ ದಾರಿಗಳು ಉಳಿಯುತ್ತವೆ. ಒಂದು, ತನ್ನ ಇಪ್ಪತ್ತೈದರ ಹಾಡುಗಳನ್ನೇ ಸಾಯುವತನಕ ಹಾಡುತ್ತ ಹೋಗುವುದು. ಇನ್ನೊಂದು, ಇಂದಿನ ಹುಡುಗರ ವೇಷ ತೊಟ್ಟು ನಗೆಪಾಟಲಿಗೀಡಾಗುವುದು.

ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿದೆ ಎಂಬುದಕ್ಕೆ ವೇಲ್ಸ್ ನಾಡಿನ ಗಾಯಕ ಟಾಮ್ ಜೋನ್ಸ್ ಅವರ ನಿದರ್ಶನ ನನಗೆ ಬಲು ಮುಖ್ಯವಾಗಿ ತೋರುತ್ತದೆ. 2021ರ ಏಪ್ರಿಲ್ 23ರಂದು ಅವರ 'ಸರೌಂಡೆಡ್ ಬೈ ಟೈಮ್' ಎಂಬ ಆಲ್ಬಮ್ ಹೊರಬಂದಿತು. ಆಗ ಅವರಿಗೆ ಎಂಬತ್ತು ತುಂಬಿ ಹತ್ತು ತಿಂಗಳು ಕಳೆದಿದ್ದವು. ಒಂದೇ ವಾರದಲ್ಲಿ ಅದು ಬ್ರಿಟನ್ನಿನ ಆಲ್ಬಮ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹೊಸದಾಗಿ ಧ್ವನಿಮುದ್ರಿಸಿದ ಆಲ್ಬಮ್ಮಿನಿಂದ ಆ ಸ್ಥಾನ ಪಡೆದ ಅತ್ಯಂತ ಹಿರಿಯ ಪುರುಷ ಗಾಯಕರೆಂಬ ದಾಖಲೆ ಅಂದು ಅವರದಾಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಎಪ್ಪತ್ತೊಂಬತ್ತರ ಬಾಬ್ ಡಿಲನ್ ಆ ದಾಖಲೆಗೆ ಪಾತ್ರರಾಗಿದ್ದರು. ದಾಖಲೆಗಳ ವಿಷಯದಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ನನ್ನ ಕುತೂಹಲವೆಲ್ಲ ಆ ಆಲ್ಬಮ್ಮಿನೊಳಗಿನ ಧ್ವನಿಯ ಬಗ್ಗೆ. ಅದು ಜನ ನಿರೀಕ್ಷಿಸಿದ ಟಾಮ್ ಜೋನ್ಸ್ ಧ್ವನಿಯಾಗಿರಲಿಲ್ಲ.

ಜನ ನಿರೀಕ್ಷಿಸಿದ ಧ್ವನಿ ಯಾವುದೆಂಬುದನ್ನು ಮೊದಲು ಹೇಳಬೇಕು. ಈ ಗಾಯಕರು ಹುಟ್ಟಿದ್ದು 1940ರ ಜೂನ್ 7ರಂದು, ದಕ್ಷಿಣ ವೇಲ್ಸಿನ ಪಾಂಟಿಪ್ರಿದ್ ಪಟ್ಟಣದ ಟ್ರೆಫಾರೆಸ್ಟ್ ಎಂಬಲ್ಲಿ. ತಂದೆ ಕಲ್ಲಿದ್ದಲ ಗಣಿಯ ಕಾರ್ಮಿಕರು. ತಂದೆತಾಯಿಗಳು ಇಟ್ಟ ಹೆಸರು ಥಾಮಸ್ ಜಾನ್ ವುಡ್‌ವರ್ಡ್. ಹನ್ನೆರಡನೆಯ ವಯಸ್ಸಿನಲ್ಲಿ ಕ್ಷಯರೋಗ ತಗುಲಿ ಸುಮಾರು ಎರಡು ವರ್ಷ ಹಾಸಿಗೆ ಹಿಡಿದರು. ಹದಿನಾರನೆಯ ವಯಸ್ಸಿನಲ್ಲಿ, 1957ರಲ್ಲಿ, ಬಾಲ್ಯದ ಗೆಳತಿ ಲಿಂಡಾಳನ್ನು ಮದುವೆಯಾದರು. ಮರುತಿಂಗಳೇ ಮಗ ಮಾರ್ಕ್ ಹುಟ್ಟಿದ. ಕೈಗವಸಿನ ಕಾರ್ಖಾನೆಯಲ್ಲಿ ದುಡಿದು, ಕಟ್ಟಡದ ಕೆಲಸ ಮಾಡಿ, ರಾತ್ರಿ ಊರ ಕ್ಲಬ್ಬುಗಳಲ್ಲಿ ಹಾಡುತ್ತಿದ್ದ ಈ ಯುವಕನಿಗೆ ಗಾರ್ಡನ್ ಮಿಲ್ಸ್ ಎಂಬ ವ್ಯವಸ್ಥಾಪಕ ಸಿಕ್ಕಿದ. ಹೆನ್ರಿ ಫೀಲ್ಡಿಂಗ್ 1749ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿ 'ಟಾಮ್ ಜೋನ್ಸ್' 1963ರಲ್ಲಿ ಚಲನಚಿತ್ರವಾಗಿ ಜನಪ್ರಿಯವಾಗಿತ್ತು. ಆ ನಾಯಕನ ಹೆಸರೇ ಗಾಯಕನ ಹೆಸರಾಯಿತು. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಕಾದಂಬರಿಗಾಗಿ ಹುಡುಕುವ ಹೆಸರನ್ನು ಜಗತ್ತಿನ ಉಳಿದವರು ರೇಡಿಯೋದಲ್ಲಿ ಕೇಳುವಂತಾಯಿತು!

1965ರ ಮಾರ್ಚ್ ತಿಂಗಳಲ್ಲಿ 'ಇಟ್ಸ್ ನಾಟ್ ಅನ್‌ಯೂಷುವಲ್' ಎಂಬ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದಾಗ ಅವರಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಮರುವರ್ಷ 'ಗ್ರೀನ್ ಗ್ರೀನ್ ಗ್ರಾಸ್ ಆಫ್ ಹೋಮ್', 1968ರಲ್ಲಿ 'ಡಿಲೈಲಾ'. ಕಹಳೆಗಳ ಅಬ್ಬರದ ನಡುವೆಯೂ ಅಡಗದೆ ಮೇಲೇಳುತ್ತಿದ್ದ ಗಂಡು ಕಂಠ ಅದು. ಸಭಾಂಗಣದ ಕೊನೆಯ ಸಾಲಿನ ಗೋಡೆಗೂ ತಾಗಿ ಹಿಂದಿರುಗುವಂಥ ಕಂಠ. 1969ರಿಂದ 1971ರವರೆಗೆ ಅವರದೇ ಹೆಸರಿನ ದೂರದರ್ಶನ ಕಾರ್ಯಕ್ರಮ, ಆಮೇಲೆ ಲಾಸ್ ವೇಗಸ್ಸಿನ ಐಷಾರಾಮಿ ಹೋಟೆಲುಗಳಲ್ಲಿ ವರ್ಷವರ್ಷವೂ ಕಛೇರಿಗಳು. ಹೆಂಗಸರು ಮೈಮರೆತು ವೇದಿಕೆಯತ್ತ ಒಳಉಡುಪುಗಳನ್ನೆಸೆಯುತ್ತಿದ್ದ ಸಂಗತಿಯೇ ಹಾಡಿಗಿಂತ ಹೆಚ್ಚು ಸುದ್ದಿಯಾಯಿತು. ಕೀರ್ತಿ ಒಬ್ಬ ಕಲಾವಿದನನ್ನು ಹೇಗೆ ಬಂಧಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಕೇಳಲು ಬಂದವರು ಕೇಳುವುದನ್ನು ಬಿಟ್ಟು ನೋಡತೊಡಗಿದ್ದರು.

ಈ ಬಂಧನದಿಂದ ಹೊರಬರುವ ಪ್ರಯತ್ನ ಒಮ್ಮೆಗೇ ಫಲಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಅದು ಮೂರು ಮೆಟ್ಟಿಲುಗಳಲ್ಲಿ ನಡೆಯಿತು. ಆ ಮೂರನ್ನೂ ಬೇರೆಬೇರೆಯಾಗಿ ನೋಡದಿದ್ದರೆ, 'ಮುದುಕ ಗಾಯಕನ ಹೊಸ ಅವತಾರ' ಎಂಬ ಪತ್ರಿಕೆಗಳ ಸವಕಲು ಮಾತಿನಲ್ಲಿ ಎಲ್ಲವೂ ಕರಗಿಹೋಗುತ್ತದೆ.

ಮೊದಲ ಮೆಟ್ಟಿಲು ಎರವಲು ಯೌವನದ್ದು. 1986ರಲ್ಲಿ ಗಾರ್ಡನ್ ಮಿಲ್ಸ್ ತೀರಿಕೊಂಡ ಮೇಲೆ ಮಗ ಮಾರ್ಕ್ ತಂದೆಯ ವ್ಯವಸ್ಥಾಪಕನಾದ. ಅಮೆರಿಕದ ಪ್ರಿನ್ಸ್ ಎಂಬ ಗಾಯಕ 1986ರಲ್ಲಿ ಪ್ರಸಿದ್ಧಗೊಳಿಸಿದ್ದ 'ಕಿಸ್' ಎಂಬ ಹಾಡನ್ನು 1988ರಲ್ಲಿ ಟಾಮ್ ಜೋನ್ಸ್ 'ಆರ್ಟ್ ಆಫ್ ನಾಯ್ಸ್' ಎಂಬ ಯಂತ್ರವಾದ್ಯಗಳ ತಂಡದೊಂದಿಗೆ ಹಾಡಿದರು. ಅದು ಬ್ರಿಟನ್ನಿನಲ್ಲಿ ಐದನೆಯ ಸ್ಥಾನಕ್ಕೆ ಬಂದಿತು. 1999ರಲ್ಲಿ ಬಂದ 'ರೀಲೋಡ್' ಆಲ್ಬಮ್ಮಿನಲ್ಲಿ ಅವರು ಕಾರ್ಡಿಗನ್ಸ್, ಸ್ಟೀರಿಯೋಫೋನಿಕ್ಸ್, ರಾಬಿ ವಿಲಿಯಮ್ಸ್ ಮೊದಲಾಗಿ ತಮ್ಮ ಮಗನಿಗಿಂತಲೂ ಕಿರಿಯರಾದ ಅನೇಕರೊಡನೆ ಜೊತೆಗೂಡಿ ಹಾಡಿದರು. ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಗಳಿಸಿತು. ಐವತ್ತೊಂಬತ್ತರ ಗಾಯಕ ಮತ್ತೆ ಹುಡುಗ ಹುಡುಗಿಯರ ನೃತ್ಯಗೃಹಗಳಲ್ಲಿ ಮೊಳಗತೊಡಗಿದರು. ಇದನ್ನು ನಾನು ಹೀಗಳೆಯುವುದಿಲ್ಲ. ಸೊಗಸಾದ ಹಾಡುಗಳಿವೆ, ಕಂಠವೂ ಗಟ್ಟಿಯಾಗಿದೆ. ಆದರೆ ಅಲ್ಲಿ ಬದಲಾದದ್ದು ಹಿಮ್ಮೇಳ ಮಾತ್ರ, ಗಾಯಕನಲ್ಲ. 1965ರ ಉತ್ಸಾಹವನ್ನೇ 1999ರ ಬಟ್ಟೆಯಲ್ಲಿ ಸುತ್ತಿ ಕೊಟ್ಟಂತಿತ್ತು. ಇನ್ನೂ ನಾನು ಮುದುಕನಾಗಿಲ್ಲ ಎಂಬುದೇ ಅದರ ಒಟ್ಟು ಸಂದೇಶ.

ಎರಡನೆಯ ಮೆಟ್ಟಿಲು ಇದಕ್ಕೆ ತದ್ವಿರುದ್ಧವಾದುದು. 2010ರ ಜುಲೈನಲ್ಲಿ, ಎಪ್ಪತ್ತು ತುಂಬಿದ ಮರುತಿಂಗಳಲ್ಲಿ, 'ಪ್ರೈಸ್ ಅಂಡ್ ಬ್ಲೇಮ್' ಹೊರಬಂದಿತು. ಅಷ್ಟರಲ್ಲಿ ಅವರು ತಲೆಗೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದರು. ನಿರ್ಮಾಪಕ ಈಥನ್ ಜಾನ್ಸ್ ಅವರೊಡನೆ ಸೇರಿ, ಕೆಲವೇ ವಾದ್ಯಗಾರರನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಹಾಡಿದ್ದನ್ನು ಹಾಡಿದ ಹಾಗೆಯೇ ಮುದ್ರಿಸಿಕೊಂಡ ಆಲ್ಬಮ್ ಅದು. ಅದರಲ್ಲಿರುವುದು ಅಮೆರಿಕದ ಕಪ್ಪು ಜನರ ಭಜನೆಗಳು, ಬ್ಲೂಸ್ ಹಾಡುಗಳು, ಡಿಲನ್ ಅವರದೊಂದು ಆತ್ಮಪರೀಕ್ಷೆಯ ಗೀತೆ. ಕಹಳೆಗಳಿಲ್ಲ, ಕುಣಿತವಿಲ್ಲ. ಈ ಆಲ್ಬಮ್ಮಿಗಾಗಿ ಹಣ ಹೂಡಿದ್ದ ಐಲೆಂಡ್ ಕಂಪನಿಯ ಅಧಿಕಾರಿಯೊಬ್ಬರು ತಮ್ಮ ಸಹೋದ್ಯೋಗಿಗಳಿಗೆ ಸಿಟ್ಟಿನಿಂದ ಬರೆದ ಮಿಂಚಂಚೆಯೊಂದು ಹೇಗೋ ಪತ್ರಿಕೆಗಳ ಕೈಸೇರಿತು. ಇಷ್ಟು ದುಡ್ಡು ಸುರಿದದ್ದು ಚರ್ಚಿನ ಹಾಡುಗಳಿಗಾಗಿಯೇ, ಇದೇನು ಕ್ರೂರ ಹಾಸ್ಯವೇ ಎಂಬ ಧಾಟಿಯ ಆಕ್ಷೇಪ ಅದರಲ್ಲಿತ್ತು. ಆದರೆ ಕೇಳುಗರು ಬೇರೆಯೇ ತೀರ್ಪಿತ್ತರು. ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಹೋಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ಈ ಮಾದರಿ ಟಾಮ್ ಜೋನ್ಸ್ ಅವರ ಸ್ವಂತ ಆವಿಷ್ಕಾರವಲ್ಲ. ಅಮೆರಿಕದ ಹಿರಿಯ ಹಾಡುಗಾರ ಜಾನಿ ಕ್ಯಾಶ್ ಅವರನ್ನು ಕೊಲಂಬಿಯಾ ಕಂಪನಿ 1986ರಲ್ಲಿ ಕೈಬಿಟ್ಟಿತ್ತು. ರ‍್ಯಾಪ್ ಮತ್ತು ಹೆವಿ ಮೆಟಲ್ ಸಂಗೀತದ ನಿರ್ಮಾಪಕನೆಂದು ಹೆಸರಾಗಿದ್ದ ರಿಕ್ ರೂಬಿನ್ ಎಂಬ ತರುಣ ಅವರನ್ನು ತನ್ನ ಮನೆಯ ಹಜಾರದಲ್ಲಿ ಕೂರಿಸಿ, ಗಿಟಾರ್ ಒಂದನ್ನೇ ಕೈಗೆ ಕೊಟ್ಟು ಹಾಡಿಸಿದ. 1994ರ 'ಅಮೆರಿಕನ್ ರೆಕಾರ್ಡಿಂಗ್ಸ್' ಹುಟ್ಟಿದ್ದು ಹೀಗೆ. 2003ರಲ್ಲಿ ಕ್ಯಾಶ್ ತೀರಿಕೊಳ್ಳುವವರೆಗೂ ಆ ಒಡನಾಟ ಮುಂದುವರಿಯಿತು. ಅಲ್ಲಿಂದೀಚೆಗೆ ಇದೊಂದು ಸೂತ್ರವೇ ಆಗಿಬಿಟ್ಟಿದೆ. ಹಿರಿಯ ಗಾಯಕ, ಮಿತಭಾಷಿ ನಿರ್ಮಾಪಕ, ಬೋಳು ಗಿಟಾರು, ಸಾವಿನ ಬಗ್ಗೆ ನಾಲ್ಕು ಹಾಡು, ಹೊದಿಕೆಯ ಮೇಲೆ ಕಪ್ಪುಬಿಳುಪಿನ ಸುಕ್ಕುಮುಖ. ಎಪ್ಪತ್ತರ ವೈರಾಗ್ಯವೂ ಮಾರಾಟದ ಸರಕಾಗಬಲ್ಲದು. ಯೌವನವನ್ನು ಎರವಲು ಪಡೆಯುವಂತೆ ವೃದ್ಧಾಪ್ಯವನ್ನೂ ಎರವಲು ಪಡೆಯಬಹುದು! 'ಪ್ರೈಸ್ ಅಂಡ್ ಬ್ಲೇಮ್' ಒಳ್ಳೆಯ ಆಲ್ಬಮ್ ನಿಜ. ಆದರೂ ಅದರ ಮೇಲೆ ಈ ಸೂತ್ರದ ನೆರಳಿದೆ ಎಂದೇ ನನ್ನ ಅಭಿಪ್ರಾಯ.

ಮೂರನೆಯ ಮೆಟ್ಟಿಲು ಬದುಕೇ ಕಟ್ಟಿಕೊಟ್ಟದ್ದು. 2016ರ ಏಪ್ರಿಲ್‌ನಲ್ಲಿ ಪತ್ನಿ ಲಿಂಡಾ ಕ್ಯಾನ್ಸರಿನಿಂದ ತೀರಿಕೊಂಡರು. ಐವತ್ತೊಂಬತ್ತು ವರ್ಷಗಳ ದಾಂಪತ್ಯ. ಆ ದಾಂಪತ್ಯದಲ್ಲಿ ತಾವು ನಿಷ್ಠರಾಗಿರಲಿಲ್ಲವೆಂಬುದನ್ನು ಟಾಮ್ ಜೋನ್ಸ್ ಮುಚ್ಚಿಟ್ಟವರಲ್ಲ. ಆದರೂ ಊರ ಬೀದಿಯಿಂದ ಕೊನೆಯ ಆಸ್ಪತ್ರೆಯವರೆಗೆ ಜೊತೆಗಿದ್ದ ಜೀವ ಅದು. ಇನ್ನು ಹಾಡುವುದೇ ಸಾಧ್ಯವಾಗದೇನೋ ಎಂದು ಅವರು ಹೇಳಿದಾಗ, ನನ್ನೊಂದಿಗೆ ನೀವೂ ಕುಸಿಯಬೇಡಿ, ಹಾಡುತ್ತಲೇ ಇರಿ ಎಂಬ ಅರ್ಥದ ಮಾತನ್ನು ಸಾವಿನ ಹಾಸಿಗೆಯಲ್ಲಿದ್ದ ಲಿಂಡಾ ಹೇಳಿದರೆಂದು ಅವರು ಸಂದರ್ಶನಗಳಲ್ಲಿ ನೆನೆದಿದ್ದಾರೆ. ಎಪ್ಪತ್ತೈದರ ಪ್ರಾಯದಲ್ಲಿ, ಜಗತ್ತಿನ ಗಟ್ಟಿ ಕಂಠಗಳಲ್ಲೊಂದೆನಿಸಿದ ಕಂಠ ಗದ್ಗದವಾಗಿ ಕೆಲಕಾಲ ನಿಂತೇಹೋಯಿತು.

'ಸರೌಂಡೆಡ್ ಬೈ ಟೈಮ್' ಆಲ್ಬಮ್ಮಿನ ಹನ್ನೆರಡು ಹಾಡುಗಳಲ್ಲಿ ಮೊದಲನೆಯದರ ಶೀರ್ಷಿಕೆಯ ಭಾವವೇ 'ನೀನು ಬಿದ್ದರೂ ನಿನ್ನೊಡನೆ ನಾನು ಕುಸಿಯಲಾರೆ' ಎಂಬುದು. ಅದನ್ನು ರಚಿಸಿದವರು ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಹಾಡಿ ಬೆಳೆದ ಬರ್ನೀಸ್ ಜಾನ್ಸನ್ ರೀಗನ್. ಚಳವಳಿಯ ಹಿನ್ನೆಲೆಯ ಆ ರಚನೆ ವಿಧುರನೊಬ್ಬನ ಬಾಯಲ್ಲಿ ಮನೆಯೊಳಗಿನ ಮಾತಾಗಿಬಿಟ್ಟಿದೆ. ಇಂಥ ಹಾಡನ್ನು 1965ರ ಕಹಳೆಯ ಅಬ್ಬರದಲ್ಲಿ ಹಾಡಲು ಬರುವುದಿಲ್ಲ. 1999ರ ನೃತ್ಯಗೃಹದ ತಾಳಕ್ಕೂ ಅದು ಒಗ್ಗುವುದಿಲ್ಲ. ಹೇಳಬೇಕಾದದ್ದು ಹೊಸದಾದಾಗ ಹೇಳುವ ರೀತಿಯೂ ಹೊಸದಾಗಲೇಬೇಕಾಯಿತು. ನಿಜವಾದ ನವೀಕರಣಕ್ಕೂ ವೇಷಾಂತರಕ್ಕೂ ಇರುವ ವ್ಯತ್ಯಾಸ ಇಷ್ಟೇ ಎಂದು ನಾನು ತಿಳಿದಿದ್ದೇನೆ. ವೇಷಾಂತರದಲ್ಲಿ ಧ್ವನಿ ಮೊದಲು ಬದಲಾಗುತ್ತದೆ, ಅದಕ್ಕೆ ತಕ್ಕ ಮಾತನ್ನು ಆಮೇಲೆ ಹುಡುಕುತ್ತಾರೆ. ನವೀಕರಣದಲ್ಲಿ ಮಾತು ಮೊದಲು ಒಳಗೆ ಹುಟ್ಟಿ ತನಗೊಪ್ಪುವ ಧ್ವನಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಆಲ್ಬಮ್ಮಿನ ವಾದ್ಯಸಂಯೋಜನೆಯೂ ಗಮನಾರ್ಹ. ನಿರ್ಮಾಪಕರು ಅದೇ ಈಥನ್ ಜಾನ್ಸ್. ಜೊತೆಗೆ ಮಗ ಮಾರ್ಕ್. ಆದರೆ ಹನ್ನೊಂದು ವರ್ಷಗಳ ಹಿಂದಿನ ಬೋಳು ಗಿಟಾರಿನ ಸೂತ್ರವನ್ನು ಈ ಬಾರಿ ಅವರು ಹಿಡಿದು ಕೂರಲಿಲ್ಲ. ಸಿಂಥಸೈಜರಿನ ಮಂದ್ರ ಗುಂಗು, ತಂಬೂರಿಯ ಹಾಗೆ ಒಂದೇ ಸಮನೆ ಮೊರೆಯುವ ಗಿಟಾರು, ಯಂತ್ರದ ತಾಳ, ನಡುನಡುವೆ ದೀರ್ಘ ಮೌನ. ಇಂದಿನ ತರುಣರ ಸಂಗೀತದಲ್ಲಿ ಕೇಳಿಬರುವ ಪರಿಕರಗಳೆಲ್ಲ ಇಲ್ಲಿವೆ. ವ್ಯತ್ಯಾಸವೆಂದರೆ, 'ರೀಲೋಡ್'ನಲ್ಲಿ ಹೊಸ ವಾದ್ಯಗಳು ಗಾಯಕನನ್ನು ತರುಣನಂತೆ ತೋರಿಸಲು ದುಡಿದವು. ಇಲ್ಲಿ ಅವೇ ಬಗೆಯ ವಾದ್ಯಗಳು ಗಾಯಕನ ವಯಸ್ಸನ್ನು ಸ್ಪಷ್ಟವಾಗಿ ಕೇಳಿಸಲು ದುಡಿಯುತ್ತವೆ. ಕಂಠ ಮೊದಲಿಗಿಂತ ತಗ್ಗಿನ ಶ್ರುತಿಗೆ ಇಳಿದಿದೆ. ಉಸಿರು ತೆಗೆದುಕೊಳ್ಳುವ ಸದ್ದು ಕೇಳುತ್ತದೆ. ಅದನ್ನು ಅಳಿಸಿಹಾಕುವ ಗೋಜಿಗೆ ಯಾರೂ ಹೋಗಿಲ್ಲ.

ಅಮೆರಿಕದ ಟಾಡ್ ಸ್ನೈಡರ್ ಬರೆದ 'ಟಾಕಿಂಗ್ ರಿಯಾಲಿಟಿ ಟೆಲಿವಿಷನ್ ಬ್ಲೂಸ್' ಇದರಲ್ಲಿನ ಅತ್ಯಂತ ವಿಚಿತ್ರ ರಚನೆ. ಅದನ್ನು ಅವರು ಹಾಡುವುದೇ ಇಲ್ಲ, ಕಥೆ ಹೇಳುವ ಅಜ್ಜನಂತೆ ಗದ್ಯದಲ್ಲಿ ನುಡಿಯುತ್ತಾರೆ. ದೂರದರ್ಶನವು ಮನೆಮನೆಗೆ ಬಂದು, ಕಡೆಗೆ ಮನುಷ್ಯನ ವಾಸ್ತವವನ್ನೇ ನುಂಗಿಹಾಕಿದ ಕಥೆ ಅದು. ನುಡಿಯುತ್ತಿರುವವರು ಯಾರು? ಸ್ವತಃ ದೂರದರ್ಶನದಿಂದ ಜಗತ್ಪ್ರಸಿದ್ಧರಾದವರು. 2012ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ 'ದ ವಾಯ್ಸ್' ಸ್ಪರ್ಧೆಯಲ್ಲಿ ಹಲವು ವರ್ಷ ಕೆಂಪು ಕುರ್ಚಿಯಲ್ಲಿ ಕುಳಿತು ಎಳೆಯ ಗಾಯಕರಿಗೆ ಮಾರ್ಗದರ್ಶನ ಮಾಡಿದವರು. ಹೊರಗಿನವನ ಟೀಕೆ ಸುಲಭ. ಒಳಗಿದ್ದುಕೊಂಡೇ, ಅನ್ನ ಕೊಟ್ಟ ಪೆಟ್ಟಿಗೆಯ ಕಡೆಗೆ ಬೆರಳು ತೋರಿಸುವುದಕ್ಕೆ ಒಂದು ಬಗೆಯ ನಿರ್ಭಯತೆ ಬೇಕು. ಅದು ಬಹುಶಃ ಎಂಬತ್ತರಲ್ಲಿ ಮಾತ್ರ ಬರುತ್ತದೆ. ಕ್ಯಾಟ್ ಸ್ಟೀವನ್ಸ್ 1970ರಲ್ಲಿ ತಾರುಣ್ಯದ ವ್ಯಂಗ್ಯದಿಂದ ಬರೆದ 'ಪಾಪ್ ಸ್ಟಾರ್' ಎಂಬ ಹಾಡನ್ನೂ ಅವರು ಇಲ್ಲಿ ಎತ್ತಿಕೊಂಡಿದ್ದಾರೆ. ಆ ಪದವಿಯ ಸುಖವನ್ನೂ ಸೆರೆಯನ್ನೂ ಐವತ್ತು ವರ್ಷಕ್ಕೂ ಮೀರಿ ಉಂಡವರ ಬಾಯಲ್ಲಿ ಆ ವ್ಯಂಗ್ಯಕ್ಕೆ ಬೇರೆಯೇ ರುಚಿ ಬಂದಿದೆ.

ನನ್ನನ್ನು ಬಹಳ ಕಾಡಿದ ಸಂಗತಿ ಬೇರೊಂದು. ಲಾಸ್ ವೇಗಸ್ಸಿನ ದಿನಗಳಲ್ಲಿ, 1970ರ ದಶಕದ ಆರಂಭದಲ್ಲಿ, ಬಾಬಿ ಕೋಲ್ ಎಂಬ ಪಿಯಾನೋ ವಾದಕರು ಮುಪ್ಪನ್ನು ಕುರಿತ ತಮ್ಮ ಹಾಡೊಂದನ್ನು ಅವರಿಗೆ ಕೊಟ್ಟಿದ್ದರಂತೆ. ಆಗಿನ್ನೂ ಮೂವತ್ತರ ಹರೆಯದಲ್ಲಿದ್ದ ಗಾಯಕರು, ಈ ಹಾಡಿಗೆ ನಾನಿನ್ನೂ ಚಿಕ್ಕವನು ಎಂದು ಅದನ್ನು ತೆಗೆದಿರಿಸಿದರು. 'ಐ ಆಮ್ ಗ್ರೋಯಿಂಗ್ ಓಲ್ಡ್' ಎಂಬ ಆ ಹಾಡು ಸುಮಾರು ಐವತ್ತು ವರ್ಷ ಕಾದು ಈ ಆಲ್ಬಮ್ಮಿನಲ್ಲಿ ಸೇರಿದೆ. ಯೋಚಿಸಿ ನೋಡಿ: ಕೈಯಲ್ಲಿರುವ ಒಳ್ಳೆಯ ಹಾಡನ್ನು, ಅದಕ್ಕೆ ತಕ್ಕ ಅನುಭವ ತನ್ನಲ್ಲಿಲ್ಲವೆಂಬ ಕಾರಣಕ್ಕೆ, ಅರ್ಧ ಶತಮಾನ ಹಾಡದೆ ಉಳಿಸಿಕೊಳ್ಳುವುದು! ಆಧುನಿಕ ಧ್ವನಿಯ ಈ ಆಲ್ಬಮ್ಮಿನ ಬೇರು ಅಷ್ಟು ಹಳೆಯ ಸಂಯಮದಲ್ಲಿದೆ.

ಅವರು ಒಂದು ಹಾಡನ್ನೂ ತಾವೇ ಬರೆದಿಲ್ಲವಲ್ಲ, ಎಲ್ಲ ಬೇರೆಯವರ ರಚನೆಗಳೇ, ಇದರಲ್ಲಿ ಸ್ವಂತದ್ದೇನು ಬಂತು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಗಮಕಿಯೊಬ್ಬರು ಕುಮಾರವ್ಯಾಸನನ್ನು ವಾಚಿಸುವಾಗ ಕಾವ್ಯ ಅವರದಲ್ಲ ಎಂದು ನಾವು ದೂರುತ್ತೇವೆಯೇ? ಯಾವ ಪದ್ಯವನ್ನು ಆಯ್ದರು, ಎಲ್ಲಿ ನಿಂತರು, ಯಾವ ಮಾತಿಗೆ ಧ್ವನಿ ತಗ್ಗಿಸಿದರು ಎಂಬುದರಲ್ಲಿ ಅವರ ಸ್ವಂತಿಕೆ ಇರುತ್ತದೆ. ಟಾಮ್ ಜೋನ್ಸ್ ಮೊದಲಿನಿಂದಲೂ ವ್ಯಾಖ್ಯಾನಕಾರ ಗಾಯಕರು. ಈ ಆಲ್ಬಮ್ಮಿನ ಹಾಡುಗಳನ್ನು ಆಯ್ಕೆಯ ಕ್ರಮದಲ್ಲಿ ಕೇಳುತ್ತ ಹೋದರೆ, ಬೇರೆಬೇರೆಯವರ ಮಾತುಗಳಲ್ಲಿ ಬರೆದ ಒಂದು ಆತ್ಮಕಥೆಯಂತೆ ಅದು ತೋರುತ್ತದೆ.

ಹಾಗಾದರೆ ಹಿರಿಯ ಗಾಯಕರೆಲ್ಲರೂ ಹೀಗೆ ಧ್ವನಿ ಬದಲಿಸಬೇಕೇ? ಖಂಡಿತ ಇಲ್ಲ. ಅಮೆರಿಕದ ಟೋನಿ ಬೆನೆಟ್ ಅವರ ಬದುಕು ಇದಕ್ಕೆ ಎದುರು ಸಾಕ್ಷಿ. 1970ರ ಸುಮಾರಿಗೆ, ಕಾಲಕ್ಕೆ ತಕ್ಕಂತೆ ಹುಡುಗರ ಜನಪ್ರಿಯ ಹಾಡುಗಳನ್ನು ಹಾಡಬೇಕೆಂದು ಕಂಪನಿ ಒತ್ತಾಯಿಸಿದಾಗ ಅವರು ಒಲ್ಲದ ಮನಸ್ಸಿನಿಂದ ಒಂದು ಆಲ್ಬಮ್ ಮಾಡಿಕೊಟ್ಟರು. ಆ ಕೆಲಸದಿಂದ ತಮಗೆ ವಾಂತಿಯೇ ಬಂದಿತೆಂದು ಮುಂದೆ ಹೇಳಿಕೊಂಡಿದ್ದಾರೆ. ಬಳಿಕ ಅವರು ತಮ್ಮ ಹಳೆಯ ಸಂಪ್ರದಾಯದ ಹಾಡುಗಳನ್ನೇ ಗಟ್ಟಿಯಾಗಿ ಹಿಡಿದು ನಿಂತರು. 1994ರಲ್ಲಿ ಎಂಟಿವಿ ಎಂಬ ತರುಣರ ವಾಹಿನಿಯ ವೇದಿಕೆಯಲ್ಲಿ, ತಮ್ಮ ಶೈಲಿಯನ್ನು ಎಳ್ಳಷ್ಟೂ ಬದಲಿಸದೆ ಹಾಡಿದರು. ಆ ಧ್ವನಿಮುದ್ರಿಕೆಗೆ ವರ್ಷದ ಶ್ರೇಷ್ಠ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಬಂದಿತು. 2014ರಲ್ಲಿ ಎಂಬತ್ತೆಂಟರ ಬೆನೆಟ್ ಲೇಡಿ ಗಾಗಾ ಎಂಬ ಯುವ ಗಾಯಕಿಯೊಡನೆ ಹಾಡಿದಾಗ, ಆಕೆಯೇ ಅವರ ಶೈಲಿಗೆ ಬಂದರು, ಅವರು ಆಕೆಯ ಶೈಲಿಗೆ ಹೋಗಲಿಲ್ಲ. 2023ರಲ್ಲಿ ತೀರಿಕೊಳ್ಳುವವರೆಗೂ ಅವರು ಬೆನೆಟ್ ಆಗಿಯೇ ಉಳಿದರು. ಬದಲಾವಣೆಯೂ ತಾನಾಗಿ ಗುಣವಲ್ಲ, ಸ್ಥಿರತೆಯೂ ತಾನಾಗಿ ಗುಣವಲ್ಲ. ತನ್ನೊಳಗಿರುವುದಕ್ಕೂ ಹೊರಗೆ ಕೇಳಿಸುವುದಕ್ಕೂ ನಡುವೆ ಸುಳ್ಳಿರಬಾರದು, ಅಷ್ಟೆ.

ಇಷ್ಟೆಲ್ಲ ಬರೆಯಲು ಒಂದು ಕಾರಣವಿದೆ. ವೃದ್ಧರನ್ನು ಸಮಾಜ ಪ್ರೀತಿಸುವ ರೀತಿಯಲ್ಲಿಯೇ ಒಂದು ಕ್ರೌರ್ಯವಿದೆ. ಹಿರಿಯ ಗಾಯಕ ಹೊಸ ಹಾಡು ಎತ್ತಿಕೊಂಡೊಡನೆ ಸಭೆಯಿಂದ ಹಳೆಯ ಹಾಡಿನ ಹೆಸರು ಕೂಗುವವರು ದುಷ್ಟರಲ್ಲ, ಅಭಿಮಾನಿಗಳೇ. ಆದರೆ ಅವರಿಗೆ ಬೇಕಾದದ್ದು ಎದುರಿಗೆ ನಿಂತಿರುವ ಮನುಷ್ಯನಲ್ಲ. ತಮ್ಮದೇ ಕಳೆದುಹೋದ ಯೌವನ. ಆ ಯೌವನಕ್ಕೆ ಕಾವಲುಗಾರನಾಗಿ ಆ ಮುದುಕ ನಿಂತಲ್ಲೇ ನಿಂತಿರಬೇಕೆಂದು ಅವರು ಬಯಸುತ್ತಾರೆ. ಅಧ್ಯಾಪಕ ವೃತ್ತಿಯಲ್ಲಿದ್ದವರಿಗೆ ಇದು ಅಪರಿಚಿತವಲ್ಲ. ಮೂವತ್ತು ವರ್ಷಗಳ ಹಿಂದಿನ ಶಿಷ್ಯರು ಸಿಕ್ಕಿದಾಗ ಅಂದಿನ ಪಾಠವನ್ನೂ ಅಂದಿನ ಗದರಿಕೆಯನ್ನೂ ನೆನೆದು ಸಂತೋಷಪಡುತ್ತಾರೆ. ಮೇಷ್ಟ್ರೇ, ಈಚೆಗೆ ಏನು ಓದುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ ಎಂದು ಕೇಳುವವರು ಬೆರಳೆಣಿಕೆಯಷ್ಟು. ಎಪ್ಪತ್ತರಲ್ಲೂ ಎಂಬತ್ತರಲ್ಲೂ ಮನುಷ್ಯನಿಗೆ ಹೊಸ ದುಃಖಗಳು ಬರುತ್ತವೆ, ಹೊಸ ಬೆಳಕೂ ಬರುತ್ತದೆ. ಅವನ್ನು ಹೇಳಿಕೊಳ್ಳಲು ಅವನಿಗೆ ಹೊಸ ಧ್ವನಿ ಬೇಕಾಗುತ್ತದೆ. ಆ ಧ್ವನಿಯನ್ನು ಕೇಳಿಸಿಕೊಳ್ಳುವ ಕಿವಿ ಕಿರಿಯರಲ್ಲಿ ಇಲ್ಲದಿದ್ದರೆ ಅವನು ಮೌನಕ್ಕೆ ಶರಣಾಗುತ್ತಾನೆ. ಇಲ್ಲವೇ ಹಳೆಯ ಹಾಡನ್ನೇ ಮತ್ತೆ ಹಾಡಿ ಎಲ್ಲರನ್ನೂ ಮೆಚ್ಚಿಸುತ್ತಾನೆ.

ಓದುಗರಲ್ಲಿ ಆಸಕ್ತಿಯುಳ್ಳವರಿಗೆ ಒಂದು ಸಣ್ಣ ಸಲಹೆ. ಮೊದಲು 1965ರ 'ಇಟ್ಸ್ ನಾಟ್ ಅನ್‌ಯೂಷುವಲ್' ಕೇಳಿ. ಎರಡೇ ನಿಮಿಷದ ಹಾಡು. ಆಮೇಲೆ 2010ರ ಆಲ್ಬಮ್ಮಿನಿಂದ ಯಾವುದಾದರೊಂದು ಭಜನೆಯನ್ನು ಕೇಳಿ. ಕೊನೆಗೆ, ಮನೆಯಲ್ಲಿ ಸದ್ದಡಗಿದ ಹೊತ್ತಿನಲ್ಲಿ, 2021ರ ಆಲ್ಬಮ್ಮಿನ ಮೊದಲ ಹಾಡನ್ನು ಕೇಳಿ. ಇಂಗ್ಲಿಷಿನ ಮಾತುಗಳು ಪೂರ್ತಿ ತಿಳಿಯದಿದ್ದರೂ ಚಿಂತೆಯಿಲ್ಲ. ಕಂಠ ಒಂದೇ ಎಂಬುದು ಗೊತ್ತಾಗುತ್ತದೆ, ಹಾಡುತ್ತಿರುವ ಮನುಷ್ಯ ಅವನೇ ಅಲ್ಲ ಎಂಬುದೂ ಗೊತ್ತಾಗುತ್ತದೆ. ಆಮೇಲೆ ಸಾಧ್ಯವಾದರೆ ನಿಮ್ಮ ಮನೆಯ ಹಿರಿಯರ ಬಳಿ ಹೋಗಿ ಕುಳಿತು, ಅವರ ಹಳೆಯ ಕಥೆಯನ್ನಲ್ಲ, ಈಗಿನ ಮಾತನ್ನು ಕೇಳಿ.